ಅಂಕಿತ, ಊರು, ವಿಳಾಸ: ವಿನ್ಯಾಸಕಾರರ ಸ್ವಂತ ಜಾಲತಾಣಗಳಲ್ಲಿ ಗಡಿನಾಡ ಕನ್ನಡ

ವಿನ್ಯಾಸಕಾರರು ತಮ್ಮ ಹೆಸರಿನಲ್ಲಿ ಕಟ್ಟಿಕೊಳ್ಳುವ ಜಾಲತಾಣವನ್ನು ಈವರೆಗೆ ವ್ಯಾಪಾರದ ಉಪಕರಣವೆಂದು ಮಾತ್ರ ನೋಡಲಾಗಿದೆ. ಅದೊಂದು ಬರವಣಿಗೆಯ ಪ್ರಕಾರವೂ ಹೌದು ಎಂಬ ಕಡೆಗೆ ವಿಮರ್ಶೆಯ ಗಮನ ಹರಿದದ್ದು ಕಡಿಮೆ. ಈ ಪ್ರಕಾರಕ್ಕೆ ತನ್ನದೇ ಅಂಗಗಳಿವೆ: ಮೇಲೆ ಹೆಸರು, ಅದರ ಕೆಳಗೆ ಆಯ್ದ ಕೆಲಸಗಳ ಚಿತ್ರಗಳು, ಒಂದು ಸ್ವಪರಿಚಯದ ಪುಟ, ಕೊನೆಗೆ ಸಂಪರ್ಕದ ವಿಳಾಸ. ಆತ್ಮಕಥನ, ಅಂಗಡಿಯ ನಾಮಫಲಕ, ಉದ್ಯೋಗದ ಅರ್ಜಿ ಮೂರೂ ಇಲ್ಲಿ ಒಂದರೊಳಗೊಂದು ಸೇರಿಕೊಂಡಿವೆ. 1997ರಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಟಾಮ್ ಪೀಟರ್ಸ್ ಬರೆದ ‘ದಿ ಬ್ರ್ಯಾಂಡ್ ಕಾಲ್ಡ್ ಯು’ ಲೇಖನ, ಪ್ರತಿಯೊಬ್ಬ ಉದ್ಯೋಗಿಯೂ ತನ್ನನ್ನು ಒಂದು ಬ್ರ್ಯಾಂಡ್ ಎಂದು ಭಾವಿಸಿ ನಡೆದುಕೊಳ್ಳಬೇಕೆಂದು ಸಾರಿತು. ಸ್ವಂತ ಜಾಲತಾಣದ ಭಾಷೆ ಬಹುಮಟ್ಟಿಗೆ ಆ ಉಪದೇಶದ ಸಂತತಿ. ಕಾಸರಗೋಡು, ಹೊಸೂರು, ಸೊಲ್ಲಾಪುರ, ಆದವಾನಿ ಸೀಮೆಗಳಿಂದ ಹೊರಟು ವಿನ್ಯಾಸದ ವೃತ್ತಿಗೆ ಸೇರುವ ಕನ್ನಡಿಗರೂ ಈ ಅಚ್ಚಿನಲ್ಲೇ ತಮ್ಮನ್ನು ಎರಕ ಹೊಯ್ದುಕೊಳ್ಳಬೇಕಾಗಿದೆ. ಎರಡು ಮೂರು ಭಾಷೆಗಳ ನಡುವೆ ಬೆಳೆದ ವ್ಯಕ್ತಿ ‘ನಾನು ಇಂಥವನು’ ಎಂದು ಹೇಳಿಕೊಳ್ಳುವ ಜಾಗದಲ್ಲಿ ಆ ಭಾಷೆಗಳಿಗೆ ಏನಾಗುತ್ತದೆ ಎಂಬುದು ಇಲ್ಲಿಯ ವಿಚಾರ.

ಕೈಕೆಲಸದವನು ತನ್ನ ಕೃತಿಯ ಮೇಲೆ ಹೆಸರು ಬರೆದುಕೊಳ್ಳುವುದು ಕನ್ನಡಕ್ಕೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠಗಳಲ್ಲಿ ಶಿಲ್ಪಿಗಳು ಕನ್ನಡದಲ್ಲಿ ತಮ್ಮ ಹೆಸರನ್ನು ಕಂಡರಿಸಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. ಎಸ್. ಶೆಟ್ಟರ್ ಅವರಂಥ ವಿದ್ವಾಂಸರು ಗಮನಿಸಿ ವಿವರಿಸಿದ ಈ ಅಂಕಿತಗಳಲ್ಲಿ ವಿನಯಕ್ಕೆ ದೊಡ್ಡ ಜಾಗವೇನಿಲ್ಲ. ಎದುರಾಳಿ ಶಿಲ್ಪಿಗಳನ್ನು ಮಣಿಸುವವನೆಂಬ ಅರ್ಥದ ಬಿರುದುಗಳೂ ಅಲ್ಲಿವೆ. ಆದ್ದರಿಂದ ಸ್ವಪ್ರಚಾರವೇ ಪಶ್ಚಿಮದಿಂದ ಬಂದ ಪಿಡುಗು ಎಂಬ ಸುಲಭದ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಗಮನಿಸಬೇಕಾದುದು ಅಂಕಿತದ ರಚನೆಯನ್ನು. ಬೇಲೂರಿಗೆ ಕೆಲಸಕ್ಕೆ ಬಂದ ದಾಸೋಜ ಬೇಲೂರಿನವನಾಗಿ ಕಾಣಿಸಿಕೊಳ್ಳುವುದಿಲ್ಲ. ಊರು, ತಂದೆ, ಬಿರುದು, ಹೆಸರು ಒಟ್ಟಾಗಿ ಬರುತ್ತವೆ. ಊರೆಂದರೆ ಬಿಟ್ಟು ಬಂದ ಊರು.

ಇಂದಿನ ಸ್ವಪರಿಚಯದ ಪುಟದಲ್ಲಿ ಊರಿನ ಜಾಗವನ್ನು ಆಕ್ರಮಿಸಿರುವುದು ಇಂಗ್ಲಿಷಿನ ‘ಬೇಸ್ಡ್ ಇನ್’ ಎಂಬ ಪದಗುಚ್ಛ. ಯಾವ ನಗರದಲ್ಲಿ ಕುಳಿತು ಕೆಲಸ ಮಾಡುತ್ತಾರೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಎಲ್ಲಿಂದ ಬಂದರು ಎಂಬುದು ಗಿರಾಕಿಗೆ ಬೇಕಿಲ್ಲ. ಇಂಗ್ಲಿಷಿನಲ್ಲಿ ಇದು ನಿರುಪದ್ರವಿ. ಕನ್ನಡಕ್ಕೆ ಬಂದಾಗ ಕಥೆ ವಿಚಿತ್ರವಾಗುತ್ತದೆ. ನಮ್ಮ ಪತ್ರಿಕಾ ಭಾಷೆ ಇದನ್ನು ‘ಬೆಂಗಳೂರು ಮೂಲದ’ ಎಂದು ಅನುವಾದಿಸಿಕೊಂಡಿದೆ. ‘ಮೂಲ’ ಎಂದರೆ ಹುಟ್ಟು, ಬೇರು. ಅಕ್ಕಲಕೋಟೆಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತಾ ಬೆಳೆದು, ಬಾಡಿಗೆಯ ಕೋಣೆಯೊಂದರಲ್ಲಿ ವೃತ್ತಿ ನಡೆಸಲು ಬೆಂಗಳೂರಿಗೆ ಬಂದ ವ್ಯಕ್ತಿ ಈ ಒಂದು ಪದದಿಂದ ‘ಬೆಂಗಳೂರು ಮೂಲದ ವಿನ್ಯಾಸಕಾರ’ನಾಗಿಬಿಡುತ್ತಾನೆ. ಇಂಗ್ಲಿಷ್ ಹೇಳದೆ ಬಿಟ್ಟದ್ದನ್ನು ಕನ್ನಡ ಇಲ್ಲಿ ತಪ್ಪಾಗಿ ಹೇಳುತ್ತದೆ. ‘ಬೆಂಗಳೂರಿನಲ್ಲಿ ನೆಲೆಸಿರುವ’, ‘ಊರು ಅಕ್ಕಲಕೋಟೆ, ಕೆಲಸ ಬೆಂಗಳೂರಿನಲ್ಲಿ’ ಎಂಬಂಥ ನೇರ ಮಾತು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಬಳಕೆಯ ಸೋಮಾರಿತನ ಅದನ್ನು ಬದಿಗೆ ಸರಿಸಿದೆ.

ಸ್ವಪರಿಚಯದ ಎರಡನೆಯ ರೂಢಿ, ತನ್ನನ್ನು ಕುರಿತು ತಾನೇ ಪ್ರಥಮ ಪುರುಷದಲ್ಲಿ ಬರೆದುಕೊಳ್ಳುವುದು. ಇಂಗ್ಲಿಷ್ ಸರ್ವನಾಮದಲ್ಲಿ ಗೌರವದ ಮೆಟ್ಟಿಲುಗಳಿಲ್ಲವಾದ್ದರಿಂದ ಅಲ್ಲಿ ಇದು ಕೇವಲ ಶೈಲಿ. ಕನ್ನಡದಲ್ಲಿ ‘ಅವರು’ ಎಂದರೆ ತನಗೆ ತಾನೇ ಗೌರವ ಸಲ್ಲಿಸಿಕೊಂಡಂತೆ, ‘ಅವನು’ ‘ಅವಳು’ ಎಂದರೆ ಕಥೆ ಹೇಳಿದಂತೆ. ಪುಸ್ತಕದ ಹಿಂಬದಿಯ ಲೇಖಕ ಪರಿಚಯದಲ್ಲಿ ‘ಅವರು’ ಸಹಜವಾಗಿ ಕಾಣುವುದು ಅದನ್ನು ಪ್ರಕಾಶಕರು ಬರೆದರೆಂಬ ನಂಬಿಕೆಯಿಂದ. ಇನ್ನು ಏಕವ್ಯಕ್ತಿ ಸ್ಟುಡಿಯೊಗಳು ದೊಡ್ಡದಾಗಿ ಕಾಣಲು ಬಳಸುವ ‘ನಾವು’. ಶಿಷ್ಟ ಕನ್ನಡದ ‘ನಾವು’ ಕೇಳುಗನನ್ನು ಒಳಗೊಂಡಿದೆಯೇ ಇಲ್ಲವೇ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಆ ಮರೆ ಜಾಹೀರಾತಿಗೆ ಅನುಕೂಲಕರ. ಆದರೆ ಗಡಿಯ ದ್ವಿಭಾಷಿಕರಿಗೆ ಈ ಮರೆ ದೊರೆಯುವುದಿಲ್ಲ. ತುಳುವಿನಲ್ಲಿ ‘ಎಂಕುಳು’ ಬೇರೆ, ‘ನಮ’ ಬೇರೆ. ಮಲಯಾಳ, ತಮಿಳು, ತೆಲುಗುಗಳಲ್ಲೂ ಮರಾಠಿಯಲ್ಲೂ ಈ ಭೇದ ಉಂಟು. ಕಾಸರಗೋಡಿನ ಹವ್ಯಕ ಕನ್ನಡದಲ್ಲೇ ‘ಎಂಗೊ’ ಮತ್ತು ‘ನಾವು’ ಬೇರೆ ಬೇರೆ. ಒಬ್ಬಳೇ ಕುಳಿತು ಕೆಲಸ ಮಾಡುವ ಹವ್ಯಕ ವಿನ್ಯಾಸಕಾರ್ತಿ ತನ್ನ ಮನೆಮಾತಿನಲ್ಲಿ ‘ಎಂಗೊ’ ಎಂದು ಬರೆದರೆ, ಆ ಇನ್ನುಳಿದವರು ಯಾರೆಂದು ಅಜ್ಜಿಯೇ ಕೇಳಿಯಾಳು. ಸ್ವಪರಿಚಯವನ್ನು ಇಂಗ್ಲಿಷಿನಲ್ಲಿ ಬರೆದು ಮುಗಿಸುವುದಕ್ಕೂ ಕನ್ನಡದಲ್ಲಿ ಬರೆದು ನೋಡುವುದಕ್ಕೂ ಇರುವ ಅಂತರ ಇಂಥದ್ದು: ಎರಡನೆಯದರಲ್ಲಿ ವ್ಯಾಕರಣವೇ ಸತ್ಯಪರೀಕ್ಷೆಗೆ ನಿಲ್ಲಿಸುತ್ತದೆ.

ಹಾಗಾದರೆ ಇಂಥ ತಾಣಗಳಲ್ಲಿ ಕನ್ನಡ ಇಲ್ಲವೇ ಇಲ್ಲವೆಂದಲ್ಲ. ಎಷ್ಟೋ ಕಡೆ ಅದು ಚೆಲುವಾಗಿಯೇ ಕಾಣಿಸಿಕೊಳ್ಳುತ್ತದೆ, ಆದರೆ ಚಿತ್ರವಾಗಿ. ನಾಟಕದ ಭಿತ್ತಿಪತ್ರ, ಉಪಾಹಾರಗೃಹದ ಲಾಂಛನ, ಪುಸ್ತಕದ ಮುಖಪುಟ, ಗೋಡೆಯ ಮೇಲಿನ ದೊಡ್ಡ ‘ಅ’. ಅವುಗಳ ಸುತ್ತಲಿನ ವಿವರಣೆ ಮಾತ್ರ ಇಂಗ್ಲಿಷ್. ಚಿತ್ರದೊಳಗಿನ ಅಕ್ಷರವನ್ನು ಪ್ರತಿ ಮಾಡಿಕೊಳ್ಳಲಾಗದು, ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಅದನ್ನು ಪಠ್ಯದಂತೆ ಓದಲಾರದು, ಹುಡುಕುವವರಿಗೂ ಅದು ಸುಲಭವಾಗಿ ಎಟುಕದು. ಚಿತ್ರದಿಂದ ಅಕ್ಷರ ಗುರುತಿಸುವ ಯಂತ್ರಗಳು ಈಗ ಬಂದಿವೆ ನಿಜ. ಆದರೆ ಅವುಗಳದ್ದು ಊಹೆ, ಅದೂ ಕೈಬರಹದ ಅಲಂಕಾರಿಕ ಒತ್ತಕ್ಷರಗಳ ಮುಂದೆ ತಡವರಿಸುವ ಊಹೆ. ಭಾಷೆ ಇಲ್ಲಿ ಕಣ್ಣಿಗೆ ಉಂಟು, ಓದಿಗೆ ಇಲ್ಲ. ಬೇಲೂರಿನ ಮದನಿಕೆಯ ಪೀಠದಲ್ಲಿ ಅಲಂಕಾರವೂ ಬರಹವೂ ಎರಡೂ ಇದ್ದವು. ಇಲ್ಲಿ ಅಲಂಕಾರವೇ ಬರಹದ ವೇಷ ಹಾಕಿದೆ.

ಈ ಸ್ಥಿತಿಗೆ ಕಾರಣ ವಿನ್ಯಾಸಕಾರರ ಅನಾದರ ಮಾತ್ರವೆಂದರೆ ಅನ್ಯಾಯವಾದೀತು. ಕನ್ನಡ ಮುದ್ರಣವಲಯ ದೀರ್ಘಕಾಲ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಯೂನಿಕೋಡೇತರ ಫಾಂಟುಗಳಲ್ಲಿ ನಡೆಯಿತು, ಈಗಲೂ ಕೆಲವೆಡೆ ನಡೆಯುತ್ತಿದೆ. ಆ ಕಡತದ ಪಠ್ಯವನ್ನು ಜಾಲಪುಟಕ್ಕೆ ತಂದು ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ, ಚಿಹ್ನೆಗಳ ರಾಶಿ ಎದುರಾಗುತ್ತದೆ. ಚಿತ್ರವಾಗಿ ಉಳಿಸಿ ಏರಿಸುವುದೊಂದೇ ಅಂದಿಗೆ ಸುರಕ್ಷಿತ ದಾರಿಯಾಗಿತ್ತು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ‘ತುಂಗಾ’ ಫಾಂಟು ಬಂದ ಬಳಿಕವೂ ಬಹುಕಾಲ ಆಯ್ಕೆಗಳು ಕೆಲವೇ. ಈಗ ನೋಟೊ, ಬಲೂ ತಮ್ಮ, ಟಿರೊ ಕನ್ನಡ ಮೊದಲಾದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಕಾರಣ ಸವೆದಿದೆ, ಅಭ್ಯಾಸ ಉಳಿದಿದೆ.

ಫಾಂಟು ಸಿಕ್ಕರೂ ಸಿದ್ಧ ವಿನ್ಯಾಸದ ಅಚ್ಚುಗಳು ಇನ್ನೊಂದು ತೊಡಕನ್ನು ಒಡ್ಡುತ್ತವೆ, ಅದು ನೋಡಲು ಸಣ್ಣದು. ಈ ಅಚ್ಚುಗಳಲ್ಲಿ ಶೀರ್ಷಿಕೆಯ ಹಿರಿಮೆಯನ್ನು ತೋರಿಸುವುದು ಹೆಚ್ಚಾಗಿ ದೊಡ್ಡಕ್ಷರಗಳಿಂದ, ಅವುಗಳ ನಡುವಣ ಅಗಲ ಅಂತರದಿಂದ, ಒತ್ತುನೀಡಲು ಓರೆ ಬರಹದಿಂದ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಓರೆ ಬರಹದ ಪರಂಪರೆಯೂ ಇಲ್ಲದ್ದರಿಂದ ಬ್ರೌಸರು ನೆಟ್ಟಗಿನ ಅಕ್ಷರವನ್ನೇ ಯಾಂತ್ರಿಕವಾಗಿ ವಾಲಿಸುತ್ತದೆ. ರೋಮನ್ ಲಿಪಿಗೆಂದು ಇಕ್ಕಟ್ಟಾಗಿ ಹೊಂದಿಸಿದ ಸಾಲುಗಳಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕೆಲವೊಮ್ಮೆ ಕತ್ತರಿಸಿಯೂ ಹೋಗುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಒಂದು ಪದವನ್ನು ಅಚ್ಚಿನೊಳಗೆ ಇಟ್ಟು ನೋಡಿದರೆ ಸಾಕು. ಇದಕ್ಕೆ ಪರಿಹಾರ ಕಠಿಣವಲ್ಲ: ಸಾಲಂತರ ಹೆಚ್ಚಿಸುವುದು, ಹಿರಿಮೆಯನ್ನು ಅಕ್ಷರದ ಗಾತ್ರ ಮತ್ತು ತೂಕದಿಂದ ತೋರಿಸುವುದು. ಆದರೆ ಅಚ್ಚು ಹಾಕಿಕೊಟ್ಟವರು ಅದನ್ನು ಮಾಡುವುದಿಲ್ಲ, ವಿನ್ಯಾಸಕಾರರೇ ಮಾಡಬೇಕು. ತನ್ನ ಕಸುಬು ಅಕ್ಷರವೆಂದು ಹೇಳಿಕೊಳ್ಳುವವರ ಮನೆಯ ಬಾಗಿಲಲ್ಲಿ ಒತ್ತಕ್ಷರ ಕತ್ತರಿಸಿಹೋಗಿದ್ದರೆ ಅದಕ್ಕಿಂತ ಕಟುವಾದ ವಿಮರ್ಶೆಯನ್ನು ಬೇರೆಯವರು ಬರೆಯಬೇಕಾಗಿಲ್ಲ.

ಇದಕ್ಕೆ ಎದುರಾಗಿ ಬರುವ ವಾದವೊಂದಿದೆ, ಅದು ಹಗುರವಾದದ್ದಲ್ಲ. ಕಾಸರಗೋಡಿನ ವಿನ್ಯಾಸಕಾರರಿಗೆ ಕೆಲಸ ಕೊಡುವವರು ಕೊಚ್ಚಿಯಲ್ಲೋ ದುಬೈಯಲ್ಲೋ ಇರುತ್ತಾರೆ, ಹೊಸೂರಿನವರಿಗೆ ಬೆಂಗಳೂರಿನ ಕಂಪನಿಗಳು. ಅವರು ಓದುವುದು ಇಂಗ್ಲಿಷ್. ಅನ್ನದ ದಾರಿಯಲ್ಲಿ ಭಾಷೆಯ ಋಣವನ್ನು ಅಡ್ಡ ಇಡುವುದು ಸಂಶೋಧನಾ ಕೇಂದ್ರಗಳಲ್ಲಿ ಸಂಬಳದ ಮೇಲೆ ಕುಳಿತವರಿಗೆ ಸುಲಭ. ಈ ವಾದವನ್ನು ಒಪ್ಪಿಯೇ ಮುಂದುವರಿಯಬೇಕು. ಇಡೀ ತಾಣವನ್ನು ಕನ್ನಡಕ್ಕೆ ತಿರುಗಿಸಬೇಕೆಂಬುದು ಇಲ್ಲಿಯ ಬೇಡಿಕೆಯಲ್ಲ. ಯಂತ್ರಾನುವಾದದಿಂದ ತಿರುಗಿಸಿದ ಕನ್ನಡವಂತೂ ಬೇಡವೇ ಬೇಡ. ಮುಖಪುಟವನ್ನು ‘ಮನೆ’ ಎಂದು ಕರೆಯುವ ಕನ್ನಡದಿಂದ ಯಾರಿಗೂ ಉಪಕಾರವಿಲ್ಲ. ಬೇಕಾದುದು ಬಹಳ ಕಡಿಮೆ: ಸ್ವಪರಿಚಯದಲ್ಲಿ ತಾವೇ ಬರೆದ ಒಂದು ಕನ್ನಡ ಕಂಡಿಕೆ, ಪ್ರತಿ ಕನ್ನಡ ಕೆಲಸದ ಚಿತ್ರದ ಪಕ್ಕ ಅದರಲ್ಲಿರುವ ಮಾತು ಯೂನಿಕೋಡ್ ಪಠ್ಯವಾಗಿ, ಆ ಭಾಗ ಯಾವ ಭಾಷೆಯದೆಂದು ಪುಟದ ಸಂಕೇತದಲ್ಲಿ ಒಂದು ಗುರುತು. ಕನ್ನಡಕ್ಕೆ ‘ಕೆಎನ್’, ತುಳುವಿಗೆ ‘ಟಿಸಿವೈ’, ಬಡಗಕ್ಕೆ ‘ಬಿಎಫ್‌ಕ್ಯು’ ಎಂಬ ಅಂತರರಾಷ್ಟ್ರೀಯ ಸಂಕೇತಗಳಿವೆ. ನೀಲಗಿರಿಯ ಬಡಗ ವಿನ್ಯಾಸಕಾರರು ತಮ್ಮ ಮಾತನ್ನು ತಮಿಳು ಲಿಪಿಯಲ್ಲಿ ಬರೆಯಲಿ, ಕನ್ನಡ ಲಿಪಿಯಲ್ಲಿ ಬರೆಯಲಿ, ಆ ಮೂರು ಅಕ್ಷರಗಳ ಸಂಕೇತ ಅದು ಬಡಗವೆಂದೇ ಹೇಳುತ್ತದೆ. ಗಿರಾಕಿಯ ಕಣ್ಣಿಗೆ ಬೀಳದ, ಅವನ ಓದಿಗೆ ತೊಡಕಾಗದ ಗುರುತಿದು.

ಊರ ಹೆಸರಿನ ವಿಚಾರದಲ್ಲಿ ಈ ಪಠ್ಯದ ಬೆಲೆ ಹೆಚ್ಚು ಸ್ಪಷ್ಟವಾಗುತ್ತದೆ. ಗಡಿಯ ಊರುಗಳಿಗೆ ಎರಡೆರಡು ಹೆಸರು: ಮಂಜೇಶ್ವರ–ಮಂಜೇಶ್ವರಂ, ಹೊಸೂರು–ಓಸೂರ್, ಸೊಲ್ಲಾಪುರ–ಸೋಲಾಪುರ. ಕಾಸರಗೋಡಿನ ಕೆಲವು ಊರುಗಳ ಕನ್ನಡ ಹೆಸರುಗಳು ಮಲಯಾಳದ ರೂಪಕ್ಕೆ ತಿರುಗುತ್ತಿವೆ ಎಂಬ ಆತಂಕ 2021ರಲ್ಲಿ ದೊಡ್ಡ ಚರ್ಚೆಯಾಯಿತು. ಅಂಥ ನಿರ್ಧಾರವೇನೂ ಇಲ್ಲವೆಂದು ಕೇರಳ ಸರ್ಕಾರ ಹೇಳಿತು. ಸರ್ಕಾರಿ ಕಡತದಲ್ಲಿ ಯಾವ ರೂಪ ಉಳಿದರೂ, ಜನ ತಮ್ಮ ಕೈಯಾರೆ ಬರೆದುಕೊಂಡ ವಿಳಾಸಗಳಲ್ಲಿ ಯಾವುದು ಉಳಿಯಿತು ಎಂಬುದು ಮುಂದಿನ ಸಂಶೋಧಕರಿಗೆ ಬೇರೆಯೇ ಬಗೆಯ ಸಾಕ್ಷಿ. ವಿನ್ಯಾಸಕಾರರ ತಾಣದ ಸಂಪರ್ಕ ಪುಟ ಅಂಥದೊಂದು ವಿಳಾಸ. ಎರಡು ಲಿಪಿಗಳಲ್ಲಿ ಎರಡು ಹೆಸರುಗಳನ್ನೂ ಬರೆದರೆ ಯಾವ ಹೆಸರಿನಿಂದ ಹುಡುಕಿದವರಿಗೂ ಅದು ಸಿಕ್ಕೀತು.

ಗೋಡೆ ಬರೆಯುವ ಪೇಂಟರುಗಳು ಇದನ್ನು ಹಿಂದೆಯೇ ಅರಿತಿದ್ದರು. ಮಲಯಾಳ, ಕನ್ನಡ, ಇಂಗ್ಲಿಷ್ ಮೂರನ್ನೂ ಒಂದೇ ಫಲಕದಲ್ಲಿ ಹೊಂದಿಸುತ್ತಿದ್ದ ಗಡಿಯ ಪೇಂಟರು ತನ್ನ ಅಂಕಿತವನ್ನು ಕೆಳಗಿನ ಮೂಲೆಯಲ್ಲಿ ಬರೆಯುತ್ತಿದ್ದ: ‘ಆರ್ಟ್ಸ್’ ಎಂದು ಕೊನೆಗೊಳ್ಳುವ ಒಂದು ಹೆಸರು, ಊರು, ದೂರವಾಣಿ ಸಂಖ್ಯೆ. ಅವನ ಇಡೀ ಜಾಲತಾಣ ಅಷ್ಟೇ. ದೆಹಲಿಯ ದಿವಂಗತ ಹನೀಫ್ ಕುರೇಶಿ ಅವರು ‘ಹ್ಯಾಂಡ್‌ಪೇಂಟೆಡ್‌ಟೈಪ್’ ಯೋಜನೆಯಲ್ಲಿ ಬೀದಿ ಪೇಂಟರುಗಳ ಕೈಬರಹವನ್ನು ಡಿಜಿಟಲ್ ಫಾಂಟುಗಳಾಗಿಸಿ, ಆಯಾ ಪೇಂಟರ ಹೆಸರನ್ನೇ ಅವುಗಳಿಗೆ ಇಟ್ಟರು. ಹೆಸರು ಕಳೆದುಹೋಗುವ ಕಸುಬಿನಲ್ಲಿ ಅದು ನಿಜವಾದ ಗೌರವ. ಆ ಮೂರು ಲಿಪಿಗಳ ಹೊಂದಾಣಿಕೆಯನ್ನೂ ಹಾಗೆ ಉಳಿಸಿಕೊಳ್ಳುವ ಕೆಲಸ ನಮ್ಮ ಗಡಿಯ ಊರುಗಳಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬಹುದಾದದ್ದು. ಫ್ಲೆಕ್ಸ್ ಬಂದ ಮೇಲೆ ಆ ಫಲಕಗಳು ಬೇಗ ಬೇಗ ಮರೆಯಾಗುತ್ತಿವೆ.

ಜಾಲತಾಣವೂ ಕಲ್ಲಲ್ಲ. ಅದರ ಹೆಸರು ವರ್ಷ ವರ್ಷ ಬಾಡಿಗೆ ಕಟ್ಟಬೇಕಾದ ಸ್ವತ್ತು. ಕಟ್ಟುವುದು ನಿಂತರೆ ಬೇರೊಬ್ಬರ ಪಾಲಾಗಬಹುದು. ‘ಇಂಟರ್ನೆಟ್ ಆರ್ಕೈವ್’ನಂಥ ಸಂಗ್ರಹಗಳು ಹಳೆಯ ಪುಟಗಳ ಪ್ರತಿಯನ್ನು ಇಟ್ಟುಕೊಳ್ಳುತ್ತವಾದರೂ, ಸರಳ ಪಠ್ಯ ಉಳಿದಷ್ಟು ಚೆನ್ನಾಗಿ ಚಲಿಸುವ ಚಿತ್ರಮಾಲೆಗಳು ಉಳಿಯುವುದಿಲ್ಲ. ಪಠ್ಯದ ಪಕ್ಷದಲ್ಲಿ ಇದೂ ಒಂದು ಮಾತು.

ಒಂದು ಕಡೆ ಮಾತ್ರ ಚಿತ್ರವನ್ನು ಇನ್ನೂ ಕೆಲಕಾಲ ಕ್ಷಮಿಸಬೇಕಾದೀತು. ತುಳು–ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದು 2024ರಲ್ಲಿ, ಅದರ 16ನೆಯ ಆವೃತ್ತಿಯೊಡನೆ. ಜನರ ಕೈಯಲ್ಲಿರುವ ಫೋನುಗಳಿಗೆ ಆ ಅಕ್ಷರಗಳನ್ನು ತೋರಿಸುವ ಫಾಂಟು ತಲುಪಲು ಸಮಯ ಬೇಕು. ಅಲ್ಲಿಯವರೆಗೆ ಕಾಸರಗೋಡಿನ ತುಳುವ ವಿನ್ಯಾಸಕಾರರು ತಮ್ಮ ಹೆಸರನ್ನು ಆ ಲಿಪಿಯಲ್ಲಿ ಚಿತ್ರವಾಗಿ ಇಟ್ಟು, ಅದರ ಕೆಳಗೆ ಕನ್ನಡ ಲಿಪಿಯ ತುಳುವಿನಲ್ಲಿ ಊರನ್ನೂ ವಿಳಾಸವನ್ನೂ ಪಠ್ಯವಾಗಿ ಬರೆದುಕೊಳ್ಳಬಹುದು.