ಹಾಸನಾಂಬೆಯ ಒಂದೇ ಬಾಗಿಲು

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಹಾಸನಾಂಬೆಯ ಗರ್ಭಗುಡಿ ತೆರೆಯುತ್ತಾರೆ. ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತಾರೆ. ಹುತ್ತದ ರೂಪದಲ್ಲಿರುವ ತಾಯಿಯನ್ನು ಈ ಕೆಲವು ದಿನಗಳಲ್ಲೇ ಕಾಣಬೇಕು, ತಪ್ಪಿದರೆ ಮುಂದಿನ ದೀಪಾವಳಿಗೆ. ಹಚ್ಚಿಟ್ಟ ದೀಪ ವರ್ಷವಿಡೀ ಆರದು ಎಂಬ ನಂಬಿಕೆಯೇ ಜನರನ್ನು ಕರೆತರುತ್ತದೆ. 2023ರಲ್ಲಿ ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಂತೂ ಬಸ್ಸಿನ ಖರ್ಚಿಗೆ ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳೂ ಹೊರಟು ಬರುತ್ತಿದ್ದಾರೆ.

ಬಂದವರು ನಿಲ್ಲುವುದು ಧರ್ಮದರ್ಶನದ ಉಚಿತ ಸಾಲಿನಲ್ಲಿ. ಪಕ್ಕದಲ್ಲೇ 300 ರೂಪಾಯಿಯ ಸಾಲು, 1,000 ರೂಪಾಯಿಯ ಸಾಲು. ನನ್ನ ತಕರಾರು ಇಲ್ಲಿದೆ. ಟಿಕೆಟ್ ಮಾರಿದ ಮಾತ್ರಕ್ಕೆ ಗರ್ಭಗುಡಿಯ ಬಾಗಿಲು ಅಗಲವಾಗುವುದಿಲ್ಲ. ಮೂರೂ ಸಾಲುಗಳು ಕೊನೆಗೆ ಅದೇ ಬಾಗಿಲ ಮುಂದೆ ಸೇರುತ್ತವೆ. ಹಣ ಕೊಟ್ಟವರು ಬೇಗ ಒಳಹೋದಷ್ಟೂ ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಕಾಯುವಿಕೆ ಬೆಳೆಯುತ್ತದೆ. ಮಾರಾಟವಾಗುತ್ತಿರುವುದು ಆಕೆಯ ಸಮಯ, ಆಕೆಯನ್ನು ಕೇಳದೆಯೇ.

2025ರಲ್ಲಿ ವಿಐಪಿ ಪಾಸ್‌ಗಳಿಗೆ ಕಡಿವಾಣ ಬಿತ್ತು. ಅದು ದಿಟ್ಟ ಹೆಜ್ಜೆ. ಹಾಸನದ ಜನ ಮೆಚ್ಚಿದ್ದೂ ಸರಿಯೇ. ಆದರೆ ಪ್ರಭಾವದ ಸಾಲನ್ನು ಮೊಟಕುಗೊಳಿಸಿದ ಆಡಳಿತ ದುಡ್ಡಿನ ಸಾಲನ್ನು ಮುಟ್ಟಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಆದಾಯ ಎಷ್ಟು ಕೋಟಿ ಎಂದು ಹೆಮ್ಮೆಯಿಂದ ಪ್ರಕಟಿಸುವ ರೂಢಿಯೂ ನಿಂತಿಲ್ಲ. ಉತ್ಸವ ಚೆನ್ನಾಗಿ ನಡೆಯಿತೇ ಎಂಬುದಕ್ಕೆ ಹುಂಡಿ ಮತ್ತು ಟಿಕೆಟ್ಟಿನ ಲೆಕ್ಕ ಉತ್ತರವಾಗಲಾರದು. ಆ ಲೆಕ್ಕದಲ್ಲಿ ಕಾಣದ್ದೂ ಇದೆ: 2023ರ ನವೆಂಬರಿನಲ್ಲಿ ಇದೇ ಸರದಿಯ ಬಳಿ ವಿದ್ಯುತ್ ತಂತಿಯಿಂದ ಗಾಬರಿ ಹಬ್ಬಿ, ನೂಕುನುಗ್ಗಲಾಗಿ ಜನ ಗಾಯಗೊಂಡಿದ್ದರು.

ಉಚಿತ ಸಾಲಿಗೇ ಸಮಯ ನಮೂದಿಸಿದ ಟೋಕನ್ ಕೊಡಬಹುದು. ತಿರುಮಲದಲ್ಲಿ ಸರ್ವದರ್ಶನಕ್ಕೆ ಅಂಥ ಏರ್ಪಾಡಿದೆ. ಆದರೆ ಟೋಕನ್ ಹಂಚುವ ಜಾಗವೇ ಅಪಾಯದ ಜಾಗವಾಗಬಾರದು. 2025ರ ಜನವರಿಯಲ್ಲಿ ತಿರುಪತಿಯಲ್ಲಿ ವೈಕುಂಠದ್ವಾರ ದರ್ಶನದ ಟೋಕನ್‌ಗೆ ನೆರೆದವರಲ್ಲಿ ಆರು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹಾಗಾಗಿ ಹಾಸನದ ಟೋಕನ್ ಅರಸೀಕೆರೆ, ಸಕಲೇಶಪುರ, ಹೊಳೆನರಸೀಪುರಗಳಲ್ಲೂ ನಾಡಕಚೇರಿಗಳಲ್ಲೂ ಮೊದಲೇ ಸಿಗಬೇಕು. ದುಡ್ಡಿನ ಸಾಲನ್ನು ಮುಚ್ಚಿ, ಆ ದಾರಿಯನ್ನು ವೃದ್ಧರಿಗೆ, ಬಸುರಿಯರಿಗೆ, ಅಂಗವಿಕಲರಿಗೆ ಬಿಡಬೇಕು. ಪ್ರತಿದಿನ ಸಂಜೆ ಆದಾಯದ ಬದಲು ಧರ್ಮದರ್ಶನದವರು ಎಷ್ಟು ತಾಸು ಕಾದರು ಎಂಬುದನ್ನು ಜಿಲ್ಲಾಡಳಿತ ಪ್ರಕಟಿಸಲಿ.