ವಿನಯಾಧಿಕಾರಿಕವೂ ವಿಶ್ವವಿದ್ಯಾನಿಲಯದ ಅಧಿಕಾರಶಿಕ್ಷಣವೂ

ವಿದ್ವಾಂಸನಾದವನು ವಿದ್ಯಾಸಂಸ್ಥೆಯನ್ನು ನಡೆಸಲೂ ಬಲ್ಲನೆಂಬುದು ಬಹುಕಾಲದ ನಂಬಿಕೆ. ಪಾಠಪ್ರವಚನಗಳಲ್ಲಿ ಹೆಸರಾದ ಅಧ್ಯಾಪಕನನ್ನು ವಿಭಾಗದ ಮುಖ್ಯಸ್ಥನನ್ನಾಗಿಯೂ ಕುಲಸಚಿವನನ್ನಾಗಿಯೂ ಕಡೆಗೆ ಕುಲಪತಿಯನ್ನಾಗಿಯೂ ನಿಯಮಿಸುವಾಗ, ಆಯವ್ಯಯ, ನೇಮಕ, ಪರೀಕ್ಷೆ, ವ್ಯಾಜ್ಯ ಇವುಗಳನ್ನು ಆತನು ಎಲ್ಲಿ ಕಲಿತನೆಂದು ಕೇಳುವವರು ವಿರಳ. ಈ ಕೊರತೆಯನ್ನು ಮನಗಂಡು ಭಾರತ ಸರ್ಕಾರವು 2018ರಲ್ಲಿ ‘ಲೀಡರ್‌ಷಿಪ್ ಫಾರ್ ಅಕೆಡೆಮಿಷಿಯನ್ಸ್ ಪ್ರೋಗ್ರಾಂ’, ಸಂಕ್ಷೇಪವಾಗಿ ‘ಲೀಪ್’, ಎಂಬ ಶಿಕ್ಷಣಕ್ರಮವನ್ನು ಆರಂಭಿಸಿತು. ಮುಂದೆ ಮುಖ್ಯಾಧಿಕಾರಕ್ಕೆ ಬರತಕ್ಕ ಎರಡನೆಯ ಸಾಲಿನವರಿಗೆ ಸ್ವದೇಶದಲ್ಲಿ ಎರಡು ವಾರ, ವಿದೇಶದಲ್ಲಿ ಒಂದು ವಾರ, ಹೀಗೆ ಮೂರು ವಾರಗಳ ಶಿಕ್ಷಣವೆಂಬುದು ಅದಕ್ಕೆ ಕೊಟ್ಟ ರೂಪ. ಉದ್ದೇಶವು ಸರ್ವಥಾ ಶ್ಲಾಘ್ಯ. ಕ್ರಮವು ಮಾತ್ರ ವಿಚಾರಣೀಯ.

ಈ ವಿಚಾರಕ್ಕೆ ಪ್ರಾಚೀನವಾದ ಒರೆಗಲ್ಲೊಂದುಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಸೇರಿದ್ದ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೊದಲನೆಯ ಅಧಿಕರಣಕ್ಕೆ ವಿನಯಾಧಿಕಾರಿಕವೆಂದು ಹೆಸರು. ವಿನಯವೆಂದರೆ ಇಲ್ಲಿ ಬರಿಯ ನಮ್ರತೆಯಲ್ಲ, ಶಿಕ್ಷಣ. ನಾಯಕ, ನೇತೃ, ವಿನಯ, ಉಪನಯನ ಇವೆಲ್ಲವೂ ‘ನೀ’ ಧಾತುವಿನಿಂದ ಹುಟ್ಟಿದ ಶಬ್ದಗಳು. ನಡೆಸತಕ್ಕವನು ಮೊದಲು ತಾನು ಮತ್ತೊಬ್ಬರಿಂದ ನಡೆಸಲ್ಪಟ್ಟಿರಬೇಕೆಂಬ ಭಾವವನ್ನು ಈ ಶಬ್ದಬಾಂಧವ್ಯವೇ ಸೂಚಿಸುವಂತಿದೆ. ದಂಡನೀತಿಯನ್ನು ವಕ್ತೃಗಳಿಂದಲೂ ಪ್ರಯೋಕ್ತೃಗಳಿಂದಲೂ, ಎಂದರೆ ಹೇಳಬಲ್ಲವರಿಂದಲೂ ಮಾಡಿ ಅರಿತವರಿಂದಲೂ, ರಾಜಪುತ್ರನು ಕಲಿಯಬೇಕೆಂಬುದು ಕೌಟಿಲ್ಯನ ಮತ. ವಿದ್ಯಾವೃದ್ಧರ ಸಹವಾಸವು ನಿತ್ಯವೂ ಇರಬೇಕೆಂದೂ, ಯೋಗ್ಯನಲ್ಲದವನನ್ನು ಶಿಕ್ಷಣವು ತಿದ್ದಲಾರದೆಂದೂ ಅವನು ವಿಧಿಸುತ್ತಾನೆ.

ಈ ಒರೆಗೆ ಹಚ್ಚಿದರೆ ಮೂರು ವಾರಗಳ ಕ್ರಮದ ಬಲಾಬಲಗಳು ತೋರುತ್ತವೆ. ವಕ್ತೃಗಳಿಂದ ಕಲಿಯತಕ್ಕುದನ್ನು, ಎಂದರೆ ನಿಯಮ, ಲೆಕ್ಕಪತ್ರ, ಅನ್ಯದೇಶಗಳ ಪದ್ಧತಿ ಇವುಗಳನ್ನು, ಅಷ್ಟು ಕಾಲದಲ್ಲಿ ತಿಳಿಸಬಹುದು. ಪ್ರಯೋಗವು ಹಾಗಲ್ಲ. ಇಬ್ಬರು ಸಹೋದ್ಯೋಗಿಗಳ ವೈಮನಸ್ಯವನ್ನು ಯಾರಿಗೂ ಅವಮಾನವಾಗದಂತೆ ಬಗೆಹರಿಸುವುದು, ಆಪ್ತನ ಅನರ್ಹ ಶಿಷ್ಯನಿಗೆ ಇಲ್ಲವೆನ್ನುವುದು, ಇವು ಉಪನ್ಯಾಸದಿಂದ ಬರುವ ವಿದ್ಯೆಗಳಲ್ಲ. ಬಲ್ಲವರ ಪಕ್ಕದಲ್ಲಿದ್ದು ಮಾಡಿ ಕಲಿಯತಕ್ಕವು. ಇವನ್ನರಿಯದವನು ಪೀಠವನ್ನೇರಿದಲ್ಲಿ ಸಂಶೋಧನೆಗೆ ಒಬ್ಬ ವಿದ್ವಾಂಸನು ನಷ್ಟ, ಆಡಳಿತಕ್ಕೂ ಲಾಭವಿಲ್ಲ. ಫಲಿತಾಂಶಕ್ಕೆ ಕಾದುಕುಳಿತ ವಿದ್ಯಾರ್ಥಿಯೇ ಅದರ ಫಲವನ್ನು ಉಣ್ಣುವವನು.

ರಾಜಪುತ್ರನ ಶಿಕ್ಷಣವನ್ನು ಅಧ್ಯಾಪಕನಿಗೆ ಹೇಳುವುದು ಅಸಂಗತವೆಂದು ಆಕ್ಷೇಪಿಸಬಹುದು. ರಾಜನು ಪ್ರಜೆಗಳ ಒಡೆಯ. ಕುಲಪತಿಯಾದರೋ ಸಮಾನರಲ್ಲಿ ಮೊದಲಿಗನು, ಅವಧಿ ಮುಗಿದೊಡನೆ ಪೀಠವನ್ನು ಬಿಟ್ಟಿಳಿಯತಕ್ಕವನು. ಈ ಭೇದವು ನಿಜ. ಆದರೆ ಅದರಿಂದ ಸಾಧನೆಯು ಹಗುರವಾಗುವುದಿಲ್ಲ, ಇಮ್ಮಡಿಯಾಗುತ್ತದೆ: ಏರುವುದಕ್ಕೆ ಮಾತ್ರವಲ್ಲದೆ ಇಳಿದು ಮತ್ತೆ ಪಾಠದ ಕೋಣೆಗೆ ಮರಳುವುದಕ್ಕೂ ಇಲ್ಲಿ ಶಿಕ್ಷಣ ಬೇಕು.

ಕ್ರಮವಾಗಿ ಮೆಟ್ಟಲೇರಿದವರ ನಿದರ್ಶನ ಮೈಸೂರಿನಲ್ಲಿಯೇ ಉಂಟು. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದ ಕುವೆಂಪು ಅವರು ಅಲ್ಲಿಯೇ ಪ್ರಾಂಶುಪಾಲರಾಗಿ, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಮಾನಸಗಂಗೋತ್ರಿಯು ಅವರ ಅಧಿಕಾರಕಾಲದ ಫಲ. ಆ ಪೀಠಕ್ಕೆ ಮುನ್ನ ಇಪ್ಪತ್ತೇಳು ವರ್ಷಗಳ ಸಂಸ್ಥಾಪರಿಚಯವಿತ್ತು. ಪ್ರತಿಭಾವಂತರೊಬ್ಬರ ಉದಾಹರಣೆಯಿಂದ ನಿಯಮವು ಸಿದ್ಧಿಸದು. ಆದರೂ ಪರಿಪಾಕಕ್ಕೆ ಕಾಲ ಬೇಕೆಂಬುದು ಅದರಿಂದ ಸ್ಪಷ್ಟ.

ಆದಕಾರಣ ಅಲ್ಪಾವಧಿಯ ಶಿಕ್ಷಣವನ್ನು ತೊರೆಯಬೇಕಾಗಿಲ್ಲ. ಅದನ್ನು ಆರಂಭವೆಂದೆಣಿಸಿದರೆ ಸಾಕು. ಅದರ ತರುವಾಯ ಅಧ್ಯಾಪಕನು ಒಂದೆರಡು ವರ್ಷ ಅನುಭವಿಯಾದ ಅಧಿಕಾರಿಯ ಜೊತೆಯಲ್ಲಿದ್ದು, ಒಂದು ಪರೀಕ್ಷೆಯ ಇಲ್ಲವೆ ಒಂದು ಆಯವ್ಯಯದ ಹೊಣೆಯನ್ನು ಹೊತ್ತು ನಡೆಸಲಿ. ವಾರಕ್ಕೊಂದು ಪಾಠವನ್ನಾದರೂ ಬಿಡದಿರಲಿ. ಶಾಸ್ತ್ರಗಳಲ್ಲಿ ಅಧಿಕಾರವೆಂದರೆ ಅರ್ಹತೆ. ಲೋಕದಲ್ಲಿ ಅದೇ ಶಬ್ದಕ್ಕೆ ಪ್ರಭುತ್ವವೆಂದರ್ಥ. ಮೊದಲನೆಯದು ದೊರೆತ ಬಳಿಕ ಎರಡನೆಯದು ಬರುವುದೇ ಯುಕ್ತವಾದ ಕ್ರಮ.