ತಾಳಮದ್ದಳೆಗೆ ಕಿವಿಗೊಡುವುದು ಹೇಗೆ?

ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರಿನಲ್ಲಿ ತಾಳಮದ್ದಳೆಯ ಭರಾಟೆ. ಪುರಭವನದಲ್ಲೋ ದೇವಸ್ಥಾನದ ಸಭಾಂಗಣದಲ್ಲೋ ನಡೆಯುವ ಕೂಟಕ್ಕೆ ಹೊಸಬರು ಇಣುಕಿದರೆ ಕಾಣುವುದಿಷ್ಟು: ನಡುವೆ ಹಾಡುವ ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರಾಗಿ ಪಂಚೆ ಶಲ್ಯದಲ್ಲಿ ಕುಳಿತು ಪಾತ್ರಗಳಾಗಿ ಮಾತಾಡುವ ನಾಲ್ಕಾರು ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ. ಅವರಾಡುವ ಮಾತನ್ನು ಮೊದಲೇ ಯಾರೂ ಬರೆದುಕೊಟ್ಟಿಲ್ಲ.

ಬರೆದಿರುವುದು ಪ್ರಸಂಗದ ಪದ್ಯ ಮಾತ್ರ. ಆದ್ದರಿಂದ ಮೊದಲು ಪದ್ಯಕ್ಕೆ ಕಿವಿಗೊಡಿ. ಭಾಗವತರು ಹಾಡಿ ನಿಲ್ಲಿಸಿದ ನಾಲ್ಕು ಸಾಲನ್ನು ಅರ್ಥಧಾರಿ ಎಲ್ಲಿಂದ ಹಿಡಿದ, ಯಾವ ಶಬ್ದವನ್ನು ಬೆಳೆಸಿದ, ಎಷ್ಟು ದೂರ ಹೋಗಿ ಮತ್ತೆ ಪದ್ಯದ ದಾರಿಗೆ ಬಂದ ಎಂಬುದನ್ನು ಗಮನಿಸುತ್ತ ಹೋದರೆ ಆಶುಮಾತಿನ ರುಚಿ ತಾನಾಗಿ ಹತ್ತುತ್ತದೆ.

ಮೊದಲ ಸಲಕ್ಕೆ ನನ್ನ ಆಯ್ಕೆ ‘ವಾಲಿವಧೆ’. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ನಿನಗೂ ನನಗೂ ಏನು ಹಗೆ? ರಾವಣನನ್ನು ಕಂಕುಳಲ್ಲಿ ಇರುಕಿದವನು ನಾನು. ಒಂದು ಮಾತು ಹೇಳಿದ್ದರೆ ಸೀತೆಯನ್ನು ತಂದೊಪ್ಪಿಸುತ್ತಿರಲಿಲ್ಲವೆ? ಉತ್ತರವಾಗಿ ರಾಮ, ವಾಲಿ ತನ್ನ ತಮ್ಮ ಸುಗ್ರೀವನ ಹೆಂಡತಿಯನ್ನು ಇರಿಸಿಕೊಂಡ ವಿಚಾರ ಎತ್ತುತ್ತಾನೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆದರೆ ವಾದದಲ್ಲಿ ಇವತ್ತು ಯಾರ ಕೈ ಮೇಲಾಗುತ್ತದೆ ಎಂಬುದು ಆ ಇಬ್ಬರು ಅರ್ಥಧಾರಿಗಳಿಗೂ ಗೊತ್ತಿರುವುದಿಲ್ಲ. ಇದೇ ತಾಳಮದ್ದಳೆಯ ಜೀವಾಳ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇಂದಿಗೂ ಆ ಮಾತನ್ನು ನೆನೆಯುವುದು ಸುಮ್ಮನಲ್ಲ.

ವಾಲಿ ಮಾತಾಡುವಾಗ ರಾಮನ ಪಾತ್ರಧಾರಿಯ ಮುಖವನ್ನೂ ನೋಡುತ್ತಿರಿ. ಒಳ್ಳೆಯ ಅರ್ಥಧಾರಿ ಮೊದಲು ಒಳ್ಳೆಯ ಕೇಳುಗ. ಇದಿರಾಳಿಯ ಪ್ರಶ್ನೆಯನ್ನು ಅವನದೇ ಶಬ್ದದಿಂದ ಎತ್ತಿಕೊಂಡು ಉತ್ತರಿಸಿದನೆಂದರೆ ಅದು ಆ ಕ್ಷಣಕ್ಕೆ ಹುಟ್ಟಿದ ಮಾತು. ಪ್ರಶ್ನೆಗೆ ಸಂಬಂಧವೇ ಇಲ್ಲದ ಶ್ಲೋಕಗಳ ಮಳೆ ಸುರಿದರೆ ಅದು ಬಾಯಿಪಾಠ. ಚಪ್ಪಾಳೆಗೆ ಆಸೆಪಟ್ಟು ಪಾತ್ರವನ್ನೇ ಮರೆತು ವಾದಕ್ಕಿಳಿಯುವುದನ್ನು ನಾನಂತೂ ಮೆಚ್ಚಲಾರೆ. ರಾಮ ಗೆಲ್ಲಲಿ, ಸೋಲಲಿ, ರಾಮನಾಗಿಯೇ ಉಳಿಯಬೇಕು.

ಈ ಆಶುಮಾತಿನ ಹಿಂದೆ ವರ್ಷಗಟ್ಟಲೆ ಓದು ಇರುತ್ತದೆ. ದೇರಾಜೆ ಸೀತಾರಾಮಯ್ಯನವರಂಥವರು ಪುರಾಣ, ಕಾವ್ಯಗಳನ್ನು ಅರಗಿಸಿಕೊಂಡೇ ಕೂಟಕ್ಕೆ ಕೂರುತ್ತಿದ್ದರು. ಬರಿಯ ವಾಚಾಳಿತನ ಇಲ್ಲಿ ಹೆಚ್ಚು ಹೊತ್ತು ನಿಲ್ಲದು. ಭಾಷೆಯಲ್ಲೂ ಬಿಗಿಯಿದೆ: ಇಂಗ್ಲಿಷ್ ಶಬ್ದವೊಂದು ನುಸುಳಿದರೂ ಸಭೆಯಲ್ಲಿ ಹುಬ್ಬುಗಳು ಮೇಲೇರುತ್ತವೆ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಈ ಊರಿನಲ್ಲಿ ಇಷ್ಟು ಅಚ್ಚುಕಟ್ಟಾದ ಕನ್ನಡ ಕಿವಿಗೆ ಬೀಳುವ ಇನ್ನೊಂದು ಜಾಗ ನನಗೆ ತಿಳಿದಿಲ್ಲ.

ಹೋಗುವ ಮುನ್ನ ಪ್ರಸಂಗದ ಕಥೆಯನ್ನು ಒಮ್ಮೆ ಓದಿಕೊಳ್ಳಿ, ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ, ಅರ್ಥಧಾರಿಯ ಪೀಠಿಕೆ ಉದ್ದವಾಯಿತೆಂದು ಎದ್ದುಬಿಡಬೇಡಿ. ಹೆಚ್ಚಿನ ಕೂಟಗಳಿಗೆ ಟಿಕೆಟ್ ಇರುವುದಿಲ್ಲ. ಮಕ್ಕಳನ್ನೂ ಕರೆದುಕೊಂಡು ಬನ್ನಿ.